ಒಲೆಯ ದೇವರು, ಊರಿನ ದೇವರು: ಪ್ರಾಚೀನ ರೋಮನ್ನರ ಪೂಜಾಪದ್ಧತಿ

ಬ್ಯಾಂಕಿನ ನಗದು ವಿಭಾಗದಲ್ಲಿ ಬಹುಕಾಲ ದುಡಿದವರಿಗೆ ನಾಣ್ಯವನ್ನು ಕಂಡೊಡನೆ ಅದರ ಎರಡೂ ಮುಖಗಳನ್ನು ತಿರುವಿ ನೋಡುವ ಅಭ್ಯಾಸ ತಾನಾಗಿಯೇ ಬಂದುಬಿಡುತ್ತದೆ. ನಮಗೂ ಆ ಅಭ್ಯಾಸವುಂಟು. ಪ್ರಾಚೀನ ರೋಮನ್ನರ ದೇವತೆಗಳನ್ನು ಕುರಿತು ನಮ್ಮಲ್ಲಿ ಕುತೂಹಲ ಮೂಡಿದುದು ಕಾಲೇಜಿನಲ್ಲಿ ಓದಿದ ಇತಿಹಾಸದ ಪಠ್ಯದಿಂದಲ್ಲ, ನಾಣ್ಯಗಳಿಂದ.

1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲುಮಾರ್ಗದ ಕೆಲಸ ನಡೆಯುತ್ತಿದ್ದಾಗ ನೆಲದೊಳಗಿಂದ 163 ರೋಮನ್ ಬೆಳ್ಳಿ ನಾಣ್ಯಗಳು ಹೊರಬಂದವು. ಚಿತ್ರದುರ್ಗದ ಸಮೀಪದ ಚಂದ್ರವಳ್ಳಿಯಲ್ಲಿಯೂ ರೋಮನ್ ನಾಣ್ಯಗಳು ದೊರೆತಿವೆ. ದಕ್ಷಿಣ ಭಾರತದಲ್ಲಿ ಸಿಕ್ಕಿರುವ ಇಂತಹ ಬೆಳ್ಳಿ ನಾಣ್ಯಗಳಲ್ಲಿ ಎರಡು ಬಗೆಯವು ಅತ್ಯಧಿಕ. ಮೊದಲನೆಯದು ಅಗಸ್ಟಸ್ ಚಕ್ರವರ್ತಿಯದು. ಅದರ ಹಿಂಬದಿಯಲ್ಲಿ ಇಬ್ಬರು ರಾಜಕುಮಾರರು ಗುರಾಣಿ, ಭರ್ಜಿಗಳೊಡನೆ ನಿಂತಿದ್ದಾರೆ. ಅವರ ನಡುವೆ ಮೇಲ್ಗಡೆ ಒಂದು ಪುಟ್ಟ ಸೌಟು ಮತ್ತು ತುದಿ ಸುರುಳಿಯಾದ ಒಂದು ಕೋಲು ಇವೆ. ಸೌಟು ದೇವರಿಗೆ ದ್ರಾಕ್ಷಾರಸವನ್ನು ಎರೆಯುವ ಸಾಧನ. ಕೋಲು ಆಕಾಶದಲ್ಲಿ ಶಕುನ ನೋಡುವ ಪುರೋಹಿತನ ದಂಡ. ಎರಡನೆಯದು ಟೈಬೀರಿಯಸ್ ಚಕ್ರವರ್ತಿಯದು. ಅದರ ಹಿಂಬದಿಯಲ್ಲಿ ಕುಳಿತಿರುವ ಸ್ತ್ರೀಯ ಸುತ್ತ ‘ಪಾಂಟಿಫೆಕ್ಸ್ ಮ್ಯಾಕ್ಸಿಮಸ್’ ಎಂಬ ಬಿರುದು ಸಂಕ್ಷಿಪ್ತ ರೂಪದಲ್ಲಿ ಕೆತ್ತಲ್ಪಟ್ಟಿದೆ. ಮಹಾಪುರೋಹಿತ ಎಂದು ಅದರ ಅರ್ಥ.

ಮೆಣಸು, ಮುತ್ತು, ನವಿರಾದ ಬಟ್ಟೆಗಳನ್ನು ಕೊಳ್ಳಲು ಕಡಲು ದಾಟಿ ಬಂದ ಹಣದ ಮೇಲೆ ಪೂಜೆಯ ಸೌಟು ಏಕೆ? ರಾಜ್ಯವಾಳುವವನು ತನ್ನನ್ನು ಪುರೋಹಿತನೆಂದು ಏಕೆ ಕರೆದುಕೊಂಡನು? ಈ ಪ್ರಶ್ನೆಗಳಿಗೆ ಉತ್ತರವನ್ನು ಅರಸುತ್ತ ಹೋದಾಗ ನಮಗೆ ದೊರೆತ ಸಂಗತಿಗಳನ್ನು ಓದುಗ ಬಾಂಧವರ ಮುಂದೆ ಇರಿಸುವುದೇ ಈ ಲೇಖನದ ಉದ್ದೇಶ.

ದೇವತೆಗಳ ಬಳಗ

ರೋಮ್ ನಗರವು ಕ್ರಿ.ಪೂ. 753ರಲ್ಲಿ ಸ್ಥಾಪಿತವಾಯಿತೆಂದು ರೋಮನ್ನರ ಪರಂಪರೆ ಹೇಳುತ್ತದೆ. ಪುರೋಹಿತರ ಮಂಡಳಿಗಳನ್ನೂ ಹಬ್ಬಹುಣ್ಣಿಮೆಗಳ ಪಂಚಾಂಗವನ್ನೂ ವ್ಯವಸ್ಥೆಗೊಳಿಸಿದ ಕೀರ್ತಿಯನ್ನು ಅವರು ತಮ್ಮ ಎರಡನೆಯ ಅರಸನಾದ ನ್ಯೂಮಾನಿಗೆ ಸಲ್ಲಿಸುತ್ತಿದ್ದರು. ನಗರ ಹುಟ್ಟಿದ ಮೇಲೆ ನೂರೆಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ರೋಮನ್ನರು ವಿಗ್ರಹಗಳಿಲ್ಲದೆಯೇ ದೇವರನ್ನು ಪೂಜಿಸಿದರೆಂದು ವಾರ್ರೋ ಎಂಬ ವಿದ್ವಾಂಸನು ಬರೆದಿದ್ದನು. ಎಟ್ರಸ್ಕನ್ನರ ಮತ್ತು ಗ್ರೀಕರ ಸಂಪರ್ಕದಿಂದ ಗುಡಿ, ವಿಗ್ರಹ, ಪುರಾಣಕಥೆಗಳು ಕ್ರಮೇಣ ಬೆಳೆದವು.

ದೇವತೆಗಳಲ್ಲಿ ಅಗ್ರಗಣ್ಯನು ಜೂಪಿಟರ್, ಆಕಾಶದ ಮತ್ತು ಸಿಡಿಲಿನ ಒಡೆಯ. ಕ್ಯಾಪಿಟೊಲೈನ್ ಗುಡ್ಡದ ಮೇಲೆ ಅವನಿಗೂ, ಅವನ ಪತ್ನಿ ಜೂನೋವಿಗೂ, ಕಲೆ ಮತ್ತು ಕಸುಬುಗಳ ದೇವಿಯಾದ ಮಿನರ್ವಾಳಿಗೂ ಒಂದೇ ಸೂರಿನಡಿಯಲ್ಲಿ ಮೂರು ಗರ್ಭಗುಡಿಗಳಿದ್ದವು. ಈ ದೇವಾಲಯವು ಕ್ರಿ.ಪೂ. 509ರಲ್ಲಿ, ಗಣರಾಜ್ಯದ ಮೊದಲ ವರ್ಷದಲ್ಲಿಯೇ, ಲೋಕಾರ್ಪಣೆಯಾಯಿತೆಂಬುದು ಪ್ರತೀತಿ. ಯುದ್ಧಕ್ಕೆ ಮಾರ್ಸ್, ಪ್ರೇಮಕ್ಕೆ ವೀನಸ್, ವ್ಯಾಪಾರಕ್ಕೆ ಮರ್ಕ್ಯುರಿ, ಧಾನ್ಯಕ್ಕೆ ಸೀರೀಸ್, ಅಗ್ನಿಗೆ ವಲ್ಕನ್, ಕಡಲಿಗೆ ನೆಪ್ಚೂನ್, ಹೀಗೆ ಬಳಗ ದೊಡ್ಡದು. ಎಲ್ಲ ಪ್ರಾರ್ಥನೆಗಳಲ್ಲಿಯೂ ಮೊದಲು ಹೆಸರು ಹೇಳಬೇಕಾದವನು ಜೇನಸ್. ಮುಂದೊಂದು, ಹಿಂದೊಂದು ಮುಖವುಳ್ಳ ಅವನು ಬಾಗಿಲುಗಳ ಮತ್ತು ಆರಂಭಗಳ ದೇವರು. ಜನವರಿ ತಿಂಗಳು ಅವನ ಹೆಸರಿನದು. ಅವನ ಗುಡಿಯ ಕದಗಳು ಯುದ್ಧಕಾಲದಲ್ಲಿ ತೆರೆದಿರುತ್ತಿದ್ದವು, ಎಲ್ಲೆಡೆ ಶಾಂತಿ ನೆಲಸಿದಾಗ ಮಾತ್ರ ಮುಚ್ಚಲ್ಪಡುತ್ತಿದ್ದವು. ತನಗಿಂತ ಹಿಂದೆ ಎರಡೇ ಬಾರಿ ಮುಚ್ಚಿದ್ದ ಆ ಕದಗಳನ್ನು ತನ್ನ ಆಳ್ವಿಕೆಯಲ್ಲಿ ಮೂರು ಬಾರಿ ಮುಚ್ಚಲು ಸೆನೆಟ್ ಆಜ್ಞಾಪಿಸಿತೆಂದು ಅಗಸ್ಟಸನು ಹೆಮ್ಮೆಯಿಂದ ಬರೆಯಿಸಿದ್ದಾನೆ.

ಇಲ್ಲಿ ಭಾಷೆಯ ಒಂದು ನಂಟನ್ನು ಹೇಳಲೇಬೇಕು. ಜೂಪಿಟರ್ ಎಂಬ ಹೆಸರು, ಗ್ರೀಕರ ಸ್ಯೂಸ್ ಎಂಬ ಹೆಸರು, ವೇದದ ದ್ಯೌಃ ಪಿತಾ ಎಂಬ ಸಂಬೋಧನೆ, ಇವು ಮೂರೂ ಒಂದೇ ಮೂಲದಿಂದ ಬಂದವೆಂದು ಭಾಷಾವಿಜ್ಞಾನಿಗಳು ಒಪ್ಪಿದ್ದಾರೆ. ಲ್ಯಾಟಿನ್ನಿನ ದೇವುಸ್ ನಮ್ಮ ದೇವ. ಇಗ್ನಿಸ್ ನಮ್ಮ ಅಗ್ನಿ. ಆದರೆ ಹೆಸರು ಹೋಲಿದಾಕ್ಷಣ ದೇವರೂ ಒಂದೇ ಎನ್ನಲಾಗದು. ಸರ್ ವಿಲಿಯಂ ಜೋನ್ಸ್ 18ನೆಯ ಶತಮಾನದಲ್ಲಿ ಗ್ರೀಸ್, ಇಟಲಿ ಮತ್ತು ಭಾರತದ ದೇವತೆಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಜೇನಸನನ್ನು ಗಣೇಶನೊಡನೆ ಹೋಲಿಸಿದ್ದುಂಟು. ಇಬ್ಬರಿಗೂ ಅಗ್ರಪೂಜೆ ಸಲ್ಲುತ್ತಿತ್ತೆಂಬುದು ನಿಜವಾದರೂ ಆ ಹೆಸರುಗಳಿಗೆ ಸಂಬಂಧವಿದೆಯೆಂಬ ಊಹೆಯನ್ನು ನಂತರದ ವಿದ್ವಾಂಸರು ಒಪ್ಪಲಿಲ್ಲ.

ನಂಬಿಕೆಗಿಂತ ಆಚರಣೆ ದೊಡ್ಡದು

ರೋಮನ್ನರ ಧರ್ಮಕ್ಕೆ ಒಬ್ಬ ಸಂಸ್ಥಾಪಕ ಪ್ರವಾದಿಯಿರಲಿಲ್ಲ, ಎಲ್ಲರೂ ಓದಬೇಕಾದ ಒಂದು ಧರ್ಮಗ್ರಂಥವಿರಲಿಲ್ಲ, ಒಪ್ಪಿಕೊಳ್ಳಲೇಬೇಕಾದ ಸಿದ್ಧಾಂತವೂ ಇರಲಿಲ್ಲ. ನೀನು ಏನನ್ನು ನಂಬುವೆ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಮಾಡಬೇಕಾದುದನ್ನು ಮಾಡಬೇಕಾದ ಹೊತ್ತಿನಲ್ಲಿ ಮಾಡಿದೆಯಾ ಎಂಬುದೇ ಪ್ರಶ್ನೆ. ಪ್ರಸಿದ್ಧ ವಾಗ್ಮಿಯಾದ ಸಿಸೆರೋ ಶಕುನ ನೋಡುವ ಪುರೋಹಿತ ಮಂಡಳಿಯ ಸದಸ್ಯನಾಗಿದ್ದನು; ಅವನೇ ದೇವತೆಗಳ ಸ್ವರೂಪದ ಬಗೆಗಿನ ಸಂದೇಹಗಳನ್ನೆಲ್ಲ ಚರ್ಚಿಸುವ ಗ್ರಂಥವನ್ನೂ ರಚಿಸಿದನು. ಇವೆರಡರ ನಡುವೆ ವಿರೋಧವಿದೆಯೆಂದು ಅವನ ಕಾಲದವರಿಗೆ ತೋರಲಿಲ್ಲ.

ಪುರೋಹಿತರು ಅಲ್ಲಿ ಪ್ರತ್ಯೇಕ ಜಾತಿಯವರಲ್ಲ. ಸೆನೆಟಿನ ಸದಸ್ಯರು, ಸೇನಾಪತಿಗಳು, ನ್ಯಾಯವಾದಿಗಳೇ ಪೌರೋಹಿತ್ಯವನ್ನೂ ವಹಿಸುತ್ತಿದ್ದರು. ಜೂಲಿಯಸ್ ಸೀಸರನು ಕ್ರಿ.ಪೂ. 63ರಲ್ಲಿ ಚುನಾವಣೆಯಲ್ಲಿ ಗೆದ್ದು ಮಹಾಪುರೋಹಿತನಾದನು. ಕ್ರಿ.ಪೂ. 12ರಲ್ಲಿ ಅಗಸ್ಟಸನು ಆ ಪದವಿಗೇರಿದ ಮೇಲೆ ಅದು ಚಕ್ರವರ್ತಿಗಳ ಸ್ವತ್ತೇ ಆಯಿತು. ಯಶವಂತಪುರದ ಕಾಲದ ನಾಣ್ಯಗಳ ಮೇಲೆ ಆ ಬಿರುದು ಏಕಿದೆಯೆಂಬುದಕ್ಕೆ ಇದೇ ಉತ್ತರ. ದೇವತೆಗಳೊಡನೆ ನಗರದ ಸಂಬಂಧವನ್ನು ಸರಿಯಾಗಿ ಇರಿಸಿಕೊಳ್ಳುವುದು ರೋಮಿನಲ್ಲಿ ಆಡಳಿತದ ಒಂದು ಭಾಗವಾಗಿತ್ತು.

ಪೂಜಾವಿಧಿಯಲ್ಲಿ ಅಕ್ಷರಲೋಪಕ್ಕೂ ಎಡೆಯಿರಲಿಲ್ಲ. ಹಿರಿಯ ಪ್ಲೀನಿಯ ಬರವಣಿಗೆಯಿಂದ ಒಂದು ಚಿತ್ರ ದೊರೆಯುತ್ತದೆ: ಅಧಿಕಾರಿಯು ಪ್ರಾರ್ಥನೆ ಸಲ್ಲಿಸುವಾಗ ಒಬ್ಬನು ಲಿಖಿತ ಪಾಠವನ್ನು ಮುಂದಾಗಿ ಓದಿಕೊಡುತ್ತಾನೆ, ಇನ್ನೊಬ್ಬನು ತಪ್ಪಾಗದಂತೆ ಕಾಯುತ್ತಾನೆ, ಮತ್ತೊಬ್ಬನು ಸುತ್ತಲಿನವರನ್ನು ಮೌನವಾಗಿರಿಸುತ್ತಾನೆ, ಅಪಶಬ್ದವೊಂದೂ ಕಿವಿಗೆ ಬೀಳದಿರಲೆಂದು ಕೊಳಲು ಊದುವವನು ಊದುತ್ತಲೇ ಇರುತ್ತಾನೆ. ಪೂಜೆ ಸಲ್ಲಿಸುವವನು ತನ್ನ ಮೇಲುಹೊದಿಕೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿರುತ್ತಾನೆ. ತಪ್ಪಾದರೆ ಪೂಜೆಯನ್ನು ಮೊದಲಿನಿಂದ ಮಾಡಬೇಕು. ಕ್ರಿ.ಪೂ. 176ರ ಲ್ಯಾಟಿನ್ ಮಹೋತ್ಸವದಲ್ಲಿ ಒಂದು ಊರಿನ ಅಧಿಕಾರಿಯು ಬಲಿಯ ಸಂದರ್ಭದಲ್ಲಿ ರೋಮನ್ ಜನತೆಯ ಹೆಸರನ್ನು ಹೇಳಲು ಮರೆತನೆಂಬ ಒಂದೇ ಕಾರಣಕ್ಕೆ ಇಡೀ ಉತ್ಸವವನ್ನು ಮತ್ತೆ ನಡೆಸಬೇಕಾಯಿತು.

ಜೂಪಿಟರನ ಪ್ರಧಾನ ಅರ್ಚಕನ ಮೇಲಿದ್ದ ನಿರ್ಬಂಧಗಳಂತೂ ಅಸಂಖ್ಯ. ಅವನು ಕುದುರೆಯನ್ನೇರುವಂತಿಲ್ಲ, ಉಡುಪಿನಲ್ಲಿ ಗಂಟು ಇರಕೂಡದು, ಆಡನ್ನಾಗಲಿ, ಹಸಿ ಮಾಂಸವನ್ನಾಗಲಿ, ಅವರೆಯ ಜಾತಿಯ ಕಾಳನ್ನಾಗಲಿ ಮುಟ್ಟುವಂತಿಲ್ಲ, ತನ್ನ ಹಾಸಿಗೆಯನ್ನು ಬಿಟ್ಟು ಒಟ್ಟಾಗಿ ಮೂರು ರಾತ್ರಿ ಕಳೆಯುವಂತಿಲ್ಲ. ಪತ್ನಿ ತೀರಿಕೊಂಡರೆ ಪದವಿಯನ್ನೂ ತ್ಯಜಿಸಬೇಕು. ಇಂತಹ ಬಾಳಿಗೆ ಒಪ್ಪುವವರು ಸುಲಭವಾಗಿ ಸಿಗಲಿಲ್ಲವೇನೋ; ಕ್ರಿ.ಪೂ. 87ರಿಂದ 11ರವರೆಗೆ, ಮುಕ್ಕಾಲು ಶತಮಾನ, ಆ ಸ್ಥಾನ ಖಾಲಿಯೇ ಉಳಿದಿತ್ತು.

ಮಾರ್ಸನ ಅರ್ಚಕರಾದ ಸಾಲಿಯರು ಗುರಾಣಿ ಹಿಡಿದು ಕುಣಿಯುತ್ತ ಹಾಡುತ್ತಿದ್ದ ಪ್ರಾಚೀನ ಸ್ತುತಿಗಳು ಕಾಲಾಂತರದಲ್ಲಿ ಸ್ವತಃ ಆ ಅರ್ಚಕರಿಗೇ ಅರ್ಥವಾಗುತ್ತಿರಲಿಲ್ಲವೆಂದು ಕ್ವಿಂಟಿಲಿಯನ್ ಎಂಬ ಪಂಡಿತನು ದಾಖಲಿಸಿದ್ದಾನೆ. ಆದರೂ ಒಂದು ಪದವನ್ನೂ ಬದಲಿಸುವಂತಿರಲಿಲ್ಲ. ಅರ್ಥ ಮಾಸಿದರೂ ಉಚ್ಚಾರ ಉಳಿದಿತ್ತು.

ಹರಕೆ ಎಂಬ ಒಪ್ಪಂದ

ದೇವರಿಗೂ ಮನುಷ್ಯನಿಗೂ ನಡುವಿನ ಸಂಬಂಧವನ್ನು ರೋಮನ್ನರು ಕೊಡುಕೊಳ್ಳುವ ನಂಟಾಗಿ ಕಂಡರು. ಹರಕೆಯೇ ಇದರ ಜೀವಾಳ. ಕಾಯಿಲೆ ವಾಸಿಯಾದರೆ, ಹಡಗು ದಡ ಸೇರಿದರೆ, ಯುದ್ಧ ಗೆದ್ದರೆ ಇಂಥದನ್ನು ಅರ್ಪಿಸುವೆನೆಂದು ಮಾತು ಕೊಡುವುದು. ಫಲ ದೊರೆತ ಮೇಲೆ ಅದನ್ನು ತೀರಿಸುವುದು. ಬ್ರಿಟನ್ನಿನಿಂದ ಸಿರಿಯಾದವರೆಗೆ ಸಾಮ್ರಾಜ್ಯದ ಉದ್ದಗಲಕ್ಕೂ ಹರಕೆ ತೀರಿಸಿದವರು ನೆಟ್ಟ ಕಲ್ಲುಗಳು ಸಿಕ್ಕಿವೆ. ಅವುಗಳಲ್ಲಿ ಅನೇಕವುಗಳ ಕೊನೆಯಲ್ಲಿ ನಾಲ್ಕೇ ಅಕ್ಷರಗಳಿರುತ್ತವೆ. ಹರಕೆಯನ್ನು ಮನಃಪೂರ್ವಕವಾಗಿ, ಸಲ್ಲತಕ್ಕ ರೀತಿಯಲ್ಲಿ ಸಲ್ಲಿಸಿದ್ದಾನೆ ಎಂಬುದರ ಸಂಕ್ಷೇಪವದು. ಸಾಲ ತೀರಿದಾಗ ನಾವು ಕಡತದ ಮೇಲೆ ಒತ್ತುವ ಮುದ್ರೆಯ ನೆನಪಾಗದಿರದು.

ಬಲಿಪೂಜೆಗೂ ಕಟ್ಟುನಿಟ್ಟಿನ ಕ್ರಮವಿತ್ತು. ಸಾಮಾನ್ಯವಾಗಿ ದೇವನಿಗೆ ಗಂಡು ಪ್ರಾಣಿ, ದೇವಿಗೆ ಹೆಣ್ಣು. ಸ್ವರ್ಗದ ದೇವತೆಗಳಿಗೆ ಬಿಳಿಯ ಬಣ್ಣದ್ದು, ಪಾತಾಳದವರಿಗೆ ಕಪ್ಪು ಬಣ್ಣದ್ದು. ಬಲಿಯ ತಲೆಯ ಮೇಲೆ ಉಪ್ಪು ಬೆರೆಸಿದ ಹಿಟ್ಟನ್ನು ಚಿಮುಕಿಸುತ್ತಿದ್ದರು. ಅಂಗಾಂಗಗಳನ್ನು ಪರೀಕ್ಷಿಸಿ, ದೇವರು ಒಪ್ಪಿದನೆಂದು ತಿಳಿದ ಬಳಿಕ ದೇವರ ಪಾಲನ್ನು ಅಗ್ನಿಗೆ ಒಪ್ಪಿಸಿ ಉಳಿದ ಮಾಂಸವನ್ನು ಜನರು ಭೋಜನಕ್ಕೆ ಬಳಸುತ್ತಿದ್ದರು. ಮನೆಗಳಲ್ಲಾದರೋ ಧೂಪ, ಹೂಮಾಲೆ, ದ್ರಾಕ್ಷಾರಸ, ಕಡುಬುಗಳೇ ನಿತ್ಯದ ನೈವೇದ್ಯ.

ಸಾರ್ವಜನಿಕ ಕಾರ್ಯಗಳಿಗೆ ಮುನ್ನ ಶಕುನ ನೋಡಲೇಬೇಕು. ಸೈನ್ಯದೊಡನೆ ಪವಿತ್ರ ಕೋಳಿಗಳನ್ನು ಒಯ್ಯುತ್ತಿದ್ದರು. ಅವು ಆತುರದಿಂದ ಕಾಳು ತಿಂದರೆ ಶುಭ. ಕ್ರಿ.ಪೂ. 249ರಲ್ಲಿ ಡ್ರೆಪಾನಾ ಎಂಬಲ್ಲಿ ಪಬ್ಲಿಯಸ್ ಕ್ಲಾಡಿಯಸ್ ಎಂಬ ನೌಕಾಧಿಪತಿಯು ಕೋಳಿಗಳು ತಿನ್ನದಿದ್ದುದನ್ನು ಕಂಡು ಸಿಟ್ಟಿಗೆದ್ದು, ತಿನ್ನದಿದ್ದರೆ ನೀರಾದರೂ ಕುಡಿಯಲಿ ಎಂದು ಅವನ್ನು ಸಮುದ್ರಕ್ಕೆ ಎಸೆಯಿಸಿದನೆಂಬ ಕಥೆಯುಂಟು. ಆ ಯುದ್ಧದಲ್ಲಿ ಅವನು ಸೋತನು. ರೋಮಿಗೆ ಮರಳಿದ ಮೇಲೆ ದಂಡವನ್ನೂ ತೆತ್ತನು.

ಮನೆಯ ಒಲೆ, ಮನೆಯ ದೇವರು

ದೊಡ್ಡ ಗುಡಿಗಳ ವೈಭವವನ್ನು ಬದಿಗಿರಿಸಿ ನೋಡಿದರೆ ರೋಮನ್ನರ ಧರ್ಮದ ಬೇರು ಇದ್ದುದು ಮನೆಯಲ್ಲಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿಯಲ್ಲಿ ಹೂತುಹೋದ ಪಾಂಪೇ ನಗರವನ್ನು ಅಗೆದಾಗ ಮನೆಮನೆಯಲ್ಲೂ ಪುಟ್ಟ ದೇವರ ಗೂಡುಗಳು ಕಂಡುಬಂದವು. ಕೆಲವು ಅಡುಗೆಮನೆಯ ಗೋಡೆಯಲ್ಲಿ, ಕೆಲವು ಅಂಗಳದಲ್ಲಿ. ವೆಟ್ಟಿ ಸಹೋದರರ ಮನೆಯೆಂದು ಹೆಸರಾದ ಮನೆಯ ಗೂಡಿನ ಚಿತ್ರವು ಇಂದಿಗೂ ಉಳಿದಿದೆ. ನಡುವೆ ತಲೆಗೆ ಸೆರಗು ಹೊದ್ದು ಪೂಜಿಸುವ ಪುರುಷ, ಎರಡು ಪಕ್ಕಗಳಲ್ಲಿ ಕುಣಿಯುವ ಭಂಗಿಯ ಇಬ್ಬರು ಯುವಕರು, ಕೆಳಗೆ ನೈವೇದ್ಯದತ್ತ ಹರಿದುಬರುವ ಒಂದು ಸರ್ಪ. ಆ ಯುವಕರೇ ಮನೆಯನ್ನು ಕಾಯುವ ಲಾರೆಸ್ ದೇವತೆಗಳು. ನಡುವಿನವನು ಮನೆಯ ಯಜಮಾನನ ಜೀವಶಕ್ತಿಯಾದ ಗೀನಿಯಸ್. ಇವರಲ್ಲದೆ ಮನೆಯ ಉಗ್ರಾಣವನ್ನು ಕಾಯುವ ಪೆನಾಟೆಸ್ ಎಂಬ ದೇವತೆಗಳೂ ಇದ್ದರು.

ತಿಂಗಳಿಗೆ ಮೂರು ನಿಯತ ದಿನಗಳಲ್ಲಿಯೂ ಹಬ್ಬಗಳಲ್ಲಿಯೂ ಒಲೆಗೆ ಹೂಮಾಲೆ ಹಾಕಿ ಲಾರ್ ದೇವರನ್ನು ಪ್ರಾರ್ಥಿಸಬೇಕೆಂದು ಹಿರಿಯ ಕೇಟೋ ತನ್ನ ಕೃಷಿಗ್ರಂಥದಲ್ಲಿ ತೋಟದ ಮನೆವಾರ್ತೆ ನೋಡುವ ಹೆಂಗಸಿಗೆ ವಿಧಿಸಿದ್ದಾನೆ. ಆ ಮೂರರಲ್ಲಿ ಮೊದಲನೆಯದು, ತಿಂಗಳ ಆರಂಭದ ದಿನ, ‘ಕಲೆಂಡ್ಸ್’. ಸಾಲದ ಬಡ್ಡಿ ಸಲ್ಲಿಸಬೇಕಾದ ದಿನವೂ ಅದೇ ಆದುದರಿಂದ ಲೇವಾದೇವಿಗಾರರ ಲೆಕ್ಕದ ಪುಸ್ತಕಕ್ಕೆ ‘ಕಲೆಂಡೇರಿಯಂ’ ಎಂಬ ಹೆಸರು ಬಂದಿತು. ನಾವು ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನ ಹೆಸರಿಗೆ ಮೂಲವಿದು.

ಬಾಳಿನ ಪ್ರತಿಯೊಂದು ಘಟ್ಟಕ್ಕೂ ಮನೆದೇವರೇ ಸಾಕ್ಷಿ. ಹುಡುಗನು ಪ್ರಾಯಕ್ಕೆ ಬಂದಾಗ ಬಾಲ್ಯದಿಂದ ಕೊರಳಲ್ಲಿದ್ದ ತಾಯತವನ್ನು ಬಿಚ್ಚಿ ಲಾರೆಸರಿಗೆ ಒಪ್ಪಿಸುತ್ತಿದ್ದನು. ಮದುವೆಯಾಗಿ ಬಂದ ಸೊಸೆಯು ಬಾಗಿಲುವಾಡಕ್ಕೆ ಎಣ್ಣೆ ಅಥವಾ ಕೊಬ್ಬನ್ನು ಸವರಿ, ಹೊಸ್ತಿಲನ್ನು ತುಳಿಯದಂತೆ ಎತ್ತಿಸಿಕೊಂಡು ಒಳಬರುತ್ತಿದ್ದಳು. ಅವಳು ತಂದ ಮೂರು ನಾಣ್ಯಗಳಲ್ಲಿ ಒಂದು ಪತಿಗೆ, ಒಂದು ಒಲೆಯ ಬಳಿಯ ಲಾರ್ ದೇವರಿಗೆ, ಮೂರನೆಯದು ಹತ್ತಿರದ ಕೂಡುದಾರಿಯ ಲಾರ್ ದೇವರಿಗೆ. ಪತಿ, ಮನೆ, ಕೇರಿ, ಮೂರರೊಡನೆಯೂ ಅವಳ ನಂಟು ಅಂದೇ ಕುದುರುತ್ತಿತ್ತು. ಕೂಡುದಾರಿಯ ಆ ದೇವರ ಪೂಜೆಯಲ್ಲಿ ಗುಲಾಮರಿಗೂ ಬಿಡುಗಡೆ ಹೊಂದಿದ ಗುಲಾಮರಿಗೂ ಮುಖ್ಯ ಪಾತ್ರವಿತ್ತೆಂಬುದು ಗಮನಾರ್ಹ. ಸೆನೆಟಿನ ಮೆಟ್ಟಿಲನ್ನೇರಲಾಗದವರಿಗೆ ಕೇರಿಯ ಗುಡಿಯಲ್ಲಿ ಒಂದು ಸ್ಥಾನಮಾನವಿತ್ತು.

ಅಗಲಿದ ಹಿರಿಯರನ್ನೂ ಮರೆಯುತ್ತಿರಲಿಲ್ಲ. ಫೆಬ್ರವರಿ 13ರಿಂದ 21ರವರೆಗಿನ ದಿನಗಳು ಪಿತೃಗಳಿಗೆ ಮೀಸಲು. ಆಗ ಗುಡಿಗಳನ್ನು ಮುಚ್ಚುತ್ತಿದ್ದರು, ಮದುವೆಗಳನ್ನು ನಡೆಸುತ್ತಿರಲಿಲ್ಲ. ಸಮಾಧಿಗಳ ಬಳಿ ಹೂಮಾಲೆ, ಧಾನ್ಯ, ಉಪ್ಪು, ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ ಇರಿಸುತ್ತಿದ್ದರು. ಮರುದಿನ, 22ರಂದು, ಬದುಕಿರುವ ನೆಂಟರಿಷ್ಟರೆಲ್ಲ ಕಲೆತು ಉಣ್ಣುವ ಹಬ್ಬ. ಜಗಳಗಳನ್ನು ಅಂದು ಮರೆಯಬೇಕೆಂಬುದು ಅದರ ಆಶಯ. ನಮ್ಮ ಪಿತೃಪಕ್ಷವನ್ನು ಬಲ್ಲವರಿಗೆ ಇದರ ಭಾವ ಅರಿಯದಿರದು.

ನಗರದ ಒಲೆ: ವೆಸ್ಟಾ

ಮನೆಗೊಂದು ಒಲೆಯಿರುವಂತೆ ಇಡೀ ರೋಮಿಗೆ ಒಂದು ಒಲೆಯಿತ್ತು. ಫೋರಂ ಎಂಬ ನಗರದ ನಡುಬಯಲಿನಲ್ಲಿ ವೆಸ್ಟಾದೇವಿಯ ದುಂಡು ಗುಡಿಯಲ್ಲಿ ಅಗ್ನಿಯು ಸದಾ ಉರಿಯುತ್ತಿತ್ತು. ಗರ್ಭಗುಡಿಯಲ್ಲಿ ವಿಗ್ರಹವಿರಲಿಲ್ಲ, ಅಗ್ನಿಯೇ ದೇವಿ. ಅದನ್ನು ಕಾಯುವವರು ಆರು ಮಂದಿ ಕನ್ಯೆಯರು. ಆರರಿಂದ ಹತ್ತು ವರ್ಷದೊಳಗಿನ ಬಾಲಕಿಯರನ್ನು ಆರಿಸಿ ತರುತ್ತಿದ್ದರು. ಹತ್ತು ವರ್ಷ ಕಲಿಕೆ, ಹತ್ತು ವರ್ಷ ಸೇವೆ, ಹತ್ತು ವರ್ಷ ಕಿರಿಯರಿಗೆ ಬೋಧನೆ, ಹೀಗೆ ಮೂವತ್ತು ವರ್ಷಗಳ ವ್ರತವದು. ಬಳಿಕ ಅವರು ಮದುವೆಯಾಗಬಹುದಿತ್ತು, ಆದವರು ವಿರಳ.

ಅವರಿಗಿದ್ದ ಗೌರವ ಅಸಾಧಾರಣ. ತಂದೆಯ ಅಧಿಕಾರದಿಂದ ಅವರು ಮುಕ್ತರು, ತಮ್ಮ ಆಸ್ತಿಗೆ ತಾವೇ ಒಡತಿಯರು. ಗಣ್ಯರು ತಮ್ಮ ಉಯಿಲುಗಳನ್ನು ಅವರ ಬಳಿ ಇರಿಸುತ್ತಿದ್ದರು. ಜೂಲಿಯಸ್ ಸೀಸರನ ಉಯಿಲು ಇದ್ದುದೂ ಅಲ್ಲಿಯೇ. ಇಂದು ನಾವು ಬ್ಯಾಂಕಿನ ಭದ್ರತಾ ಪೆಟ್ಟಿಗೆಗೆ ತೋರುವ ವಿಶ್ವಾಸವನ್ನು ಅಂದು ಅವರ ಶೀಲಕ್ಕೆ ತೋರುತ್ತಿದ್ದರು. ಆದರೆ ಶಿಕ್ಷೆಯೂ ಅಷ್ಟೇ ಘೋರ. ಅಗ್ನಿ ಆರಿದರೆ ಚಾಟಿಯೇಟು. ವ್ರತಭಂಗವಾಯಿತೆಂದು ತೀರ್ಮಾನವಾದರೆ ನೆಲಮಾಳಿಗೆಯಲ್ಲಿ ಜೀವಂತ ಸಮಾಧಿ. ರಾಜ್ಯಕ್ಕೆ ಸೋಲು, ಸಂಕಟ ಒದಗಿದಾಗ ದೋಷವನ್ನು ಈ ಹೆಣ್ಣುಮಕ್ಕಳ ತಲೆಗೆ ಕಟ್ಟಿದ ನಿದರ್ಶನಗಳೂ ಇವೆ. ಪ್ರಾಚೀನರ ಭಕ್ತಿಯನ್ನು ಮೆಚ್ಚುವಾಗ ಈ ಕ್ರೌರ್ಯವನ್ನು ಮರೆಮಾಚುವುದು ಸಲ್ಲದು.

ಗುಡಿಯಲ್ಲಿ ಖಜಾನೆ, ಟಂಕಸಾಲೆ

ರೋಮಿನಲ್ಲಿ ದೇವರ ಗುಡಿಯೂ ಹಣಕಾಸೂ ಅಕ್ಕಪಕ್ಕದಲ್ಲಿದ್ದವು. ಫೋರಮ್ಮಿನಲ್ಲಿದ್ದ ಸ್ಯಾಟರ್ನ್ ದೇವರ ಗುಡಿಯೇ ಗಣರಾಜ್ಯದ ಖಜಾನೆ. ಅದರ ಎಂಟು ಕಂಬಗಳು ಇಂದಿಗೂ ನಿಂತಿವೆ. ಡಿಸೆಂಬರ್ 17ರಂದು ಆರಂಭವಾಗುತ್ತಿದ್ದ ಅವನ ಹಬ್ಬದಲ್ಲಿ ಗುಲಾಮರಿಗೆ ಬಿಡುವು, ಮನೆಮಂದಿಗೆಲ್ಲ ಉಡುಗೊರೆ, ನಗೆಚಾಟಿಕೆ. ಕ್ಯಾಪಿಟೊಲೈನ್ ಗುಡ್ಡದ ಮೇಲಿದ್ದ ಜೂನೋ ಮೊನೇಟಾಳ ಗುಡಿಯ ಬಳಿಯಲ್ಲಿ ರೋಮಿನ ಟಂಕಸಾಲೆಯಿತ್ತು. ಆ ದೇವಿಯ ‘ಮೊನೇಟಾ’ ಎಂಬ ಹೆಸರೇ ಕಾಲಕ್ರಮದಲ್ಲಿ ನಾಣ್ಯಕ್ಕೆ ಹೆಸರಾಗಿ, ಇಂಗ್ಲಿಷಿನ ‘ಮನಿ’ ಮತ್ತು ‘ಮಿಂಟ್’ ಎಂಬ ಎರಡು ಪದಗಳಿಗೂ ಮೂಲವಾಯಿತು. ಮೂರು ದಶಕ ಹಣ ಎಣಿಸಿದ ನಮಗೆ, ಅದು ಒಬ್ಬ ದೇವಿಯ ಹೆಸರೆಂದು ತಿಳಿದಾಗ ಆದ ಬೆರಗು ಸಣ್ಣದಲ್ಲ.

ಪರದೇಶದ ದೇವರಿಗೂ ಎಡೆ

ರೋಮನ್ನರು ಪರರ ದೇವರನ್ನು ಸುಳ್ಳೆನ್ನಲಿಲ್ಲ. ಶತ್ರುನಗರವನ್ನು ಮುತ್ತಿದಾಗ ಅಲ್ಲಿಯ ದೇವತೆಗೆ, ನಮ್ಮಲ್ಲಿಗೆ ಬಾ, ಇದಕ್ಕಿಂತ ದೊಡ್ಡ ಗುಡಿ ಕಟ್ಟಿಸುವೆವು ಎಂದು ಆಹ್ವಾನ ಕೊಡುವ ವಿಧಿಯೇ ಇತ್ತು. ಕ್ರಿ.ಪೂ. 396ರಲ್ಲಿ ವೇಯಿ ನಗರದ ಜೂನೋದೇವಿ ಹೀಗೆಯೇ ರೋಮಿಗೆ ಬಂದಳೆಂದು ಹೇಳುತ್ತಾರೆ. ಮಹಾಮಾರಿ ಬಂದಾಗ ಗ್ರೀಸಿನಿಂದ ವೈದ್ಯದೇವರಾದ ಈಸ್ಕ್ಯುಲೇಪಿಯಸನನ್ನು ಸರ್ಪರೂಪದಲ್ಲಿ ತಂದು ಟೈಬರ್ ನದಿಯ ನಡುಗಡ್ಡೆಯಲ್ಲಿ ಗುಡಿ ಕಟ್ಟಿದರು. ಆ ನಡುಗಡ್ಡೆಯಲ್ಲಿ ಇಂದಿಗೂ ಆಸ್ಪತ್ರೆಯಿದೆ. ಕ್ರಿ.ಪೂ. 204ರಲ್ಲಿ, ಹ್ಯಾನಿಬಾಲನ ಭೀತಿಯ ದಿನಗಳಲ್ಲಿ, ಏಷ್ಯಾ ಮೈನರಿನಿಂದ ಮಹಾಮಾತೆಯ ಪ್ರತೀಕವಾದ ಕಪ್ಪು ಶಿಲೆಯೊಂದನ್ನು ಬರಮಾಡಿಕೊಂಡರು. ಮುಂದೆ ಈಜಿಪ್ಟಿನ ಐಸಿಸ್, ಪರ್ಷಿಯಾದ ಹೆಸರು ಹೊತ್ತ ಮಿಥ್ರಾಸ್ ಸಹ ಬಂದರು.

ಆತಿಥ್ಯಕ್ಕೂ ಮಿತಿಯಿತ್ತು. ಕ್ರಿ.ಪೂ. 186ರಲ್ಲಿ ಬ್ಯಾಕಸ್ ದೇವರ ಗುಪ್ತ ಕೂಟಗಳು ಬೆಳೆಯುತ್ತಿರುವುದನ್ನು ಕಂಡು ಸೆನೆಟ್ ಅವನ್ನು ಉಗ್ರವಾಗಿ ಹತ್ತಿಕ್ಕಿತು. ಆ ಆಜ್ಞೆಯ ಕಂಚಿನ ಫಲಕ ಉಳಿದಿದೆ. ಯಾವ ದೇವರನ್ನಾದರೂ ಪೂಜಿಸಬಹುದು, ಆದರೆ ಅದು ಆಳುವವರ ಕಣ್ಣಳತೆಯಲ್ಲಿರಬೇಕು ಎಂಬುದು ಅವರ ನೀತಿ. ಮುಂದೆ ಚಕ್ರವರ್ತಿಗಳ ದೈವತ್ವಕ್ಕೆ ತಲೆಬಾಗದ ಕ್ರೈಸ್ತರು ಇದೇ ನೀತಿಯಿಂದಾಗಿ ಹಿಂಸೆಗೆ ಗುರಿಯಾದರು. ಚಕ್ರವರ್ತಿಯ ಪೂಜೆ ಎಷ್ಟು ದೂರ ಹಬ್ಬಿತ್ತೆಂದರೆ, ಪ್ರಾಚೀನ ರೋಮನ್ ಮಾರ್ಗನಕ್ಷೆಯ ಉಳಿದಿರುವ ಪ್ರತಿಯಲ್ಲಿ ಕೇರಳ ತೀರದ ಮುಜಿರಿಸ್ ಬಂದರಿನ ಪಕ್ಕದಲ್ಲಿ ಅಗಸ್ಟಸನ ಗುಡಿಯೊಂದನ್ನು ಗುರುತಿಸಲಾಗಿದೆ.

ಬಂದ ದೇವರು, ಬರಲೊಪ್ಪದ ದೇವರು

ರೋಮನ್ನರು ತಮ್ಮನ್ನು ವಲಸೆ ಬಂದವರ ಸಂತತಿಯೆಂದೇ ಭಾವಿಸಿದ್ದರು. ಟ್ರಾಯ್ ನಗರ ಹೊತ್ತಿ ಉರಿಯುವಾಗ ಈನಿಯಸ್ ಎಂಬ ವೀರನು ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು, ಮಗನ ಕೈಹಿಡಿದು ಹೊರಟನು. ತನ್ನ ಕೈಗಳಿಗೆ ಯುದ್ಧದ ರಕ್ತ ಅಂಟಿದ್ದುದರಿಂದ ಮನೆದೇವರಾದ ಪೆನಾಟೆಸರನ್ನು ತಂದೆಯ ಕೈಗೆ ಕೊಟ್ಟನೆಂದು ವರ್ಜಿಲ್ ಕವಿಯು ತನ್ನ ‘ಈನೀಡ್’ ಮಹಾಕಾವ್ಯದಲ್ಲಿ ಹೇಳುತ್ತಾನೆ. ಇಟಲಿಯನ್ನು ತಲುಪಿ ಲವೀನಿಯಂ ಎಂಬ ಊರನ್ನು ಕಟ್ಟಿ ಆ ದೇವರನ್ನು ಅಲ್ಲಿ ನೆಲೆಗೊಳಿಸಿದನು.

ಮುಂದಿನ ಕಥೆ ಇನ್ನೂ ಸ್ವಾರಸ್ಯಕರವಾದುದು. ಈನಿಯಸನ ಮಗನು ಆಲ್ಬಾ ಎಂಬ ಹೊಸ ನಗರವನ್ನು ಕಟ್ಟಿ, ದೇವರನ್ನೂ ಅಲ್ಲಿಗೆ ಕೊಂಡೊಯ್ದನು. ಬೆಳಗಾಗುವಷ್ಟರಲ್ಲಿ ದೇವರು ತಾವಾಗಿಯೇ ಲವೀನಿಯಮ್ಮಿನ ಹಳೆಯ ಪೀಠಕ್ಕೆ ಮರಳಿದ್ದರು. ಮತ್ತೊಮ್ಮೆ ಒಯ್ದರೂ ಹಾಗೆಯೇ ಆಯಿತು. ಕೊನೆಗೆ ದೇವರನ್ನು ಅಲ್ಲಿಯೇ ಬಿಟ್ಟು, ಸೇವೆಗಾಗಿ ಕೆಲವು ಕುಟುಂಬಗಳನ್ನು ಹಿಂದಕ್ಕೆ ಕಳುಹಿಸಿದರೆಂದು ಡಯೋನೀಸಿಯಸ್ ಎಂಬ ಇತಿಹಾಸಕಾರನು ಬರೆದಿದ್ದಾನೆ. ರೋಮ್ ಮಹಾಸಾಮ್ರಾಜ್ಯವಾಗಿ ಬೆಳೆದ ಮೇಲೂ ಅದರ ಉನ್ನತಾಧಿಕಾರಿಗಳು ಆ ಸಣ್ಣ ಊರಿಗೆ ಹೋಗಿ ಪೆನಾಟೆಸರಿಗೂ ವೆಸ್ಟಾಳಿಗೂ ಪೂಜೆ ಸಲ್ಲಿಸಿ ಬರುತ್ತಿದ್ದರು.

ಊರು ಬಿಟ್ಟು ಬಂದು ಮಹಾನಗರದಲ್ಲಿ ನೆಲೆನಿಂತ ಓದುಗರಿಗೆ ಈ ಕಥೆಯನ್ನು ವಿವರಿಸಬೇಕಾಗಿಲ್ಲ. ನಮ್ಮ ತಾಯಿಯವರು ಟ್ರಂಕಿನಲ್ಲಿ ಸೀರೆಗಳ ನಡುವೆ ಸುತ್ತಿ ತಂದ ದೇವರ ಪ್ರತಿಮೆಗಳು ಮುಂಬಯಿಯ ನಮ್ಮ ಮನೆಯ ಅಡುಗೆಕೋಣೆಯ ಹಲಗೆಯ ಮೇಲಿವೆ. ಕುಲದೇವರು ಮಾತ್ರ ಊರಿನಲ್ಲೇ ಇದ್ದಾರೆ; ವರ್ಷಕ್ಕೊಮ್ಮೆ ನಾವೇ ಹೋಗಿ ಬರಬೇಕು.

ಅಗ್ನಿ ಆರಿದ ಬಗೆ

ಸಾವಿರ ವರ್ಷ ಬಾಳಿದ ಈ ಧರ್ಮ ಹೇಗೆ ಮರೆಯಾಯಿತು? ಕ್ರಿ.ಶ. 313ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಲ್ಲಿ ಕ್ರೈಸ್ತಮತಕ್ಕೆ ಮಾನ್ಯತೆ ದೊರೆಯಿತು. 382ರಲ್ಲಿ ಗ್ರೇಷಿಯನ್ ಚಕ್ರವರ್ತಿಯು ಸೆನೆಟ್ ಸಭಾಂಗಣದಲ್ಲಿದ್ದ ವಿಜಯದೇವಿಯ ವೇದಿಕೆಯನ್ನು ತೆಗೆಯಿಸಿ, ಪುರೋಹಿತರಿಗೂ ವೆಸ್ಟಾ ಕನ್ಯೆಯರಿಗೂ ಸಲ್ಲುತ್ತಿದ್ದ ಸರಕಾರಿ ವೆಚ್ಚವನ್ನು ನಿಲ್ಲಿಸಿದನು. 384ರಲ್ಲಿ ಸಿಮ್ಮಾಕಸ್ ಎಂಬ ಹಿರಿಯ ಸೆನೆಟರನು ವೇದಿಕೆಯನ್ನು ಮರಳಿಸಬೇಕೆಂದು ಮನವಿ ಸಲ್ಲಿಸಿದನು. ಅಷ್ಟು ದೊಡ್ಡ ರಹಸ್ಯವನ್ನು ಒಂದೇ ದಾರಿಯಿಂದ ತಲುಪಲಾಗದು ಎಂಬ ಅವನ ವಾದವು ಇಂದಿಗೂ ಪ್ರಸಿದ್ಧ. ಮಿಲಾನಿನ ಬಿಷಪ್ ಆಂಬ್ರೋಸ್ ಅದನ್ನು ವಿರೋಧಿಸಿದನು; ಮನವಿ ತಿರಸ್ಕೃತವಾಯಿತು.

ಕೊನೆಯ ಪೆಟ್ಟು ಬಿದ್ದುದು 392ರ ನವೆಂಬರ್ 8ರಂದು. ಥಿಯೊಡೋಸಿಯಸ್ ಚಕ್ರವರ್ತಿಯ ಹೆಸರಿನಲ್ಲಿ ಹೊರಟ ಶಾಸನವು ಗುಡಿಯಲ್ಲಿ ಬಲಿ ಕೊಡುವುದನ್ನು ನಿಷೇಧಿಸಿ ಅಷ್ಟಕ್ಕೇ ನಿಲ್ಲಲಿಲ್ಲ. ಮನೆಯೊಳಗೆ ಲಾರ್ ದೇವರಿಗೆ ಬೆಂಕಿ, ಗೀನಿಯಸನಿಗೆ ದ್ರಾಕ್ಷಾರಸ, ಪೆನಾಟೆಸರಿಗೆ ಸುಗಂಧ ಅರ್ಪಿಸಕೂಡದು. ದೀಪ ಹಚ್ಚಕೂಡದು, ಧೂಪ ಹಾಕಕೂಡದು, ಹೂಮಾಲೆ ತೂಗಿಸಕೂಡದು. ಮಾಡಿದವರ ಮನೆ ಮುಟ್ಟುಗೋಲು! ದೊಡ್ಡ ಗುಡಿಗಳ ಬಾಗಿಲು ಹಾಕಿದರೆ ಸಾಲದು, ಅಡುಗೆಮನೆಯ ಗೂಡಿನ ಹಣತೆಯನ್ನೂ ಆರಿಸಬೇಕೆಂಬುದನ್ನು ಆ ಶಾಸನ ಬರೆದವರು ಚೆನ್ನಾಗಿ ಬಲ್ಲವರಾಗಿದ್ದರು. ಬರೆದಿಟ್ಟ ಧರ್ಮಗ್ರಂಥವಾಗಲಿ ಬೋಧಿಸುವ ಸಿದ್ಧಾಂತವಾಗಲಿ ಇಲ್ಲದ ಧರ್ಮಕ್ಕೆ ಆಚರಣೆಯೇ ಉಸಿರು. ವೆಸ್ಟಾಳ ಅಗ್ನಿಯು 394ರ ಸುಮಾರಿಗೆ ಆರಿಹೋಯಿತೆಂದು ತಿಳಿಯಲಾಗಿದೆ. ಹಳ್ಳಿಗಳಲ್ಲಿ ಹಳೆಯ ಆಚರಣೆಗಳು ಇನ್ನಷ್ಟು ಕಾಲ ಉಳಿದವು. ಬಳಿಕ ಅವೂ ಮಾಸಿದವು.

ಉಳಿದಿರುವುದು ಕುರುಹುಗಳು ಮಾತ್ರ. ಹೇಡ್ರಿಯನ್ ಚಕ್ರವರ್ತಿ ಕಟ್ಟಿಸಿದ ಪ್ಯಾಂಥಿಯನ್ ಗುಡಿಯು 609ರಲ್ಲಿ ಚರ್ಚಾಗಿ ಮಾರ್ಪಟ್ಟುದರಿಂದಲೇ ಹಾಳಾಗದೆ ನಿಂತಿತು. 43 ಮೀಟರಿಗೂ ಮಿಕ್ಕಿದ ವ್ಯಾಸದ ಅದರ ಗುಮ್ಮಟದ ನೆತ್ತಿಯ ಕಂಡಿಯಿಂದ ಇಂದಿಗೂ ಬಿಸಿಲು, ಮಳೆ ಒಳಗೆ ಬೀಳುತ್ತವೆ. ‘ಪಾಂಟಿಫೆಕ್ಸ್’ ಎಂಬ ಬಿರುದು ಪೋಪರಿಗೆ ಸಂದಿದೆ. ವಾರದ ದಿನಗಳನ್ನು ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ ಎಂದು ನಾವು ಎಣಿಸುವ ಅನುಕ್ರಮವೇ ರೋಮನ್ನರದೂ ಆಗಿತ್ತು. ಸೋಲ್, ಲೂನಾ, ಮಾರ್ಸ್, ಮರ್ಕ್ಯುರಿ, ಜೂಪಿಟರ್, ವೀನಸ್, ಸ್ಯಾಟರ್ನ್ ಎಂದು ಅವರು ಕರೆದರು. ಹೆಸರುಗಳೇನೋ ಉಳಿದವು. ಆದರೆ ಇಂದು ಯಾವ ಮನೆಯ ಸೊಸೆಯೂ ಲಾರ್ ದೇವರಿಗೆಂದು ನಾಣ್ಯವನ್ನು ಸೆರಗಿನಲ್ಲಿ ಕಟ್ಟಿ ತರುವುದಿಲ್ಲ.

ಇದನ್ನೆಲ್ಲ ಓದಿದ ಮೇಲೆ ನಮಗೆ ತೋರಿದುದಿಷ್ಟು. ಮನೆಯಲ್ಲಿ ನಡೆಯುವ ಸಣ್ಣ ಆಚರಣೆಗಳನ್ನು, ಮನೆಯಲ್ಲಿ ಆಡುವ ಮಾತನ್ನು, ದೊಡ್ಡವರು ಯಾರೋ ಎಲ್ಲಿಯೋ ಕಾಪಾಡುತ್ತಾರೆಂದು ನಾವು ನಂಬಿಕೊಂಡಿರುತ್ತೇವೆ. ರೋಮಿನಲ್ಲಿ ಅವನ್ನು ನಿಲ್ಲಿಸಲು ಚಕ್ರವರ್ತಿಯ ಶಾಸನ ಬೇಕಾಯಿತು. ನಮ್ಮ ಮನೆಗಳಲ್ಲಿ ಅದಕ್ಕೆ ಯಾವ ಶಾಸನವೂ ಬೇಕಾಗಿಲ್ಲ. ಒಂದು ತಲೆಮಾರಿನ ಉದಾಸೀನವೇ ಸಾಕು. ನಮ್ಮ ಮೊಮ್ಮಗಳು ಮೊನ್ನೆ ಹಲಗೆಯ ಮೇಲಿನ ದೇವರನ್ನು ತೋರಿಸಿ, ಇದು ಯಾರು, ಎಲ್ಲಿಂದ ಬಂದಿತು ಎಂದು ಕೇಳಿದಳು. ನಾವು ಕನ್ನಡದಲ್ಲಿಯೇ ಉತ್ತರ ಹೇಳಲು ಕುಳಿತೆವು. ಅಡುಗೆಗೆ ತುಸು ತಡವಾಯಿತು, ಆದರೂ ಯಾರೂ ಬೇಸರಿಸಲಿಲ್ಲ.